ಹೆಸರು ಕೇಳದ ಡೇರೆ

ನವಾಲ್ ಚಿಕ್ಕಮ್ಮನಿಗೆ,

ನೂಫ್ ಬರೆಯುತ್ತಿದ್ದೇನೆ. ನಾನು ಕಳೆದುಹೋಗಿಲ್ಲ, ಓಡಿಬಂದಿದ್ದೇನೆ. ಚಿಕ್ಕಪ್ಪನಿಗೂ ಹಾಗೆಯೇ ಹೇಳಿ.

ದಾರಿ ತೋರಿಸಿದ್ದು ಒಂದು ಮರಳುನರಿ. ಅದು ಮಾತಾಡುತ್ತದೆ ಎಂದರೆ ನೀವು ನಂಬುವುದಿಲ್ಲ, ಬೇಡ ಬಿಡಿ. ನಾವು ಹತ್ತಿದ ಮರಳುದಿಣ್ಣೆ ಒಂಟೆಯ ಹಾಗೆ ಎದ್ದು ನಡೆಯಿತು. ಕರಿ ಡೇರೆಗಳ ಮುಂದೆ ಮಂಡಿಯೂರಿ ನಮ್ಮನ್ನು ಇಳಿಸಿತು.

ಡೇರೆಯ ಅಜ್ಜಿ ಉಮ್ ಸತ್ತಾಮ್ ಹಾಲು, ಖರ್ಜೂರ ಕೊಟ್ಟಳು. ಹೆಸರು ಮಾತ್ರ ಕೇಳಲಿಲ್ಲ. ನಾನು ಯಾರೆಂದು ಮೊದಲೇ ಗೊತ್ತಿದೆ, ಗುಟ್ಟಾಗಿ ನಿಮಗೆ ಸುದ್ದಿ ಮುಟ್ಟಿಸಿ ಕಾಯುತ್ತಿದ್ದಾರೆ ಎಂದುಕೊಂಡೆ. ಹಾಲನ್ನು ಮೊದಲು ನರಿಗೆ ಕುಡಿಸಿ ನೋಡಿದೆ. ಚಪ್ಪಲಿ ಹಾಕಿಕೊಂಡೇ ಮಲಗಿದೆ.

ಮೂರನೆಯ ದಿನ ಅಜ್ಜಿಯ ಮಗ, "ಯಾರ ಮಗಳಮ್ಮ ನೀನು?" ಎಂದ. ಅಜ್ಜಿ ಕಾಫಿಬೀಜ ಕುಟ್ಟುವುದನ್ನು ನಿಲ್ಲಿಸಿ ರೇಗಿದಳು: "ಮೂರು ದಿನ ತುಂಬೋಕ್ ಮುಂಚೆ ಅತಿಥೀನ ಹಾಗೆಲ್ಲ ಕೇಳ್ತಾರೇನೋ? ನಾಚ್ಕೆ ಆಗಲ್ವಾ ನಿಂಗೆ?"

ನರಿ ನಕ್ಕಿತು. ನನಗೆ ನಗು ಬರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನಿಮ್ಮ ಮನೆಗೆ ಬಂದಾಗ, ಹೊಸ್ತಿಲಲ್ಲೇ ನೀವು ಕೇಳಿದ್ದಿರಿ: "ಎಷ್ಟು ದಿನ ಇರ್ತಾಳಂತೆ?"

ಅಮ್ಮನ ಬಾಚಣಿಗೆಯನ್ನು ಬಾವಿಕಟ್ಟೆಯ ಮೇಲಿಡಿ, ನರಿ ತರುತ್ತದೆ. ಅದರ ಹಿಂದೆ ಯಾರನ್ನೂ ಕಳಿಸಬೇಡಿ. ನಮ್ಮನ್ನು ತಂದ ದಿಣ್ಣೆ ಒಂದೇ ಕಡೆ ನಿಲ್ಲುವುದಿಲ್ಲ, ದಾರಿ ಸಿಗುವುದಿಲ್ಲ.

ಇವತ್ತು ನಾಲ್ಕನೆಯ ದಿನ. ಅಜ್ಜಿ ಹೆಸರು ಕೇಳಿದಳು, ಹೇಳಿದೆ. ಇನ್ನು ನೀವು ಹೊಸ್ತಿಲಲ್ಲಿ ಕೇಳಿದ ಆ ಪ್ರಶ್ನೆಯೂ ಬರುತ್ತದೆ ಎಂದು ಓಡಲು ತಯಾರಾಗಿ ಕೂತೆ. ಅವಳು ಒಂದು ಮೇಕೆಮರಿಯನ್ನು ನನ್ನ ಮಡಿಲಿಗೆ ಹಾಕಿ, "ಇದು ನಿಂದು ಕಣೇ ನೂಫ್. ಇನ್ನೆರಡು ವರ್ಷಕ್ಕೆ ಹಾಲು ಕೊಡುತ್ತೆ," ಎಂದಳು.

ಚಪ್ಪಲಿ ಬಿಚ್ಚಿಟ್ಟಿದ್ದೇನೆ. ಸದ್ಯಕ್ಕೆ ಕೈಗೆಟುಕುವ ಹಾಗೆಯೇ.

ಇಂತಿ,
ನೂಫ್