ಹತ್ತು ಅಂಕಿಯಲ್ಲಿ ತಿಲಕ್ ನಗರ ಎಲ್ಲಿದೆ?

ಮನೆಗಳಿಗೆ ಹೊಸ ಹೆಸರಿಡುತ್ತಿರುವ ವಿಳಾಸ ಮಾನಕ ಸಮಿತಿಯ ಅಧ್ಯಕ್ಷರೇ,

ಕಳೆದ ತಿಂಗಳು ಬಚ್ಚಲಲ್ಲಿ ಜಾರಿಬಿದ್ದ ನಮ್ಮ ಪಕ್ಕದ ಮನೆಯ ಮುನಿಯಕ್ಕ, ನಿಮ್ಮ ಹತ್ತಂಕಿಯ ಮನೆ ಸಂಖ್ಯೆಯ ಕೃಪೆಯಿಂದ ಆಂಬುಲೆನ್ಸಿಗಾಗಿ ಐವತ್ತು ನಿಮಿಷ ಕಾದರು. ತೊಡೆಮೂಳೆ ಮುರಿದದ್ದು ಬಚ್ಚಲಿನ ಪಾಚಿ. ಅದನ್ನು ಸಮಿತಿಯ ಮೇಲೆ ಹೊರಿಸುವುದಿಲ್ಲ.

ಆಂಬುಲೆನ್ಸಿಗೆ ನಾನು ಮಾಡಿದ ಫೋನೆತ್ತಿದವರಿಗೆ ಬಡಾವಣೆ, ಮೇನು, ಕ್ರಾಸು ಯಾವುದೂ ಬೇಕಿರಲಿಲ್ಲ. ಪ್ರಯೋಗಕ್ಕೆಂದು ನೀವು ಗೇಟಿಗೆ ಹೊಡೆಸಿದ ಫಲಕ ನೋಡಿ ಸಂಖ್ಯೆ ಓದಿದೆ. ಕನ್ನಡಕವಿರಲಿಲ್ಲ, ಎರಡು ಅಂಕಿ ಅದಲುಬದಲಾದವು. ಅರ್ಧ ಗಂಟೆಯ ಮೇಲೆ ಆಂಬುಲೆನ್ಸ್ ಚಾಲಕ ಯುವರಾಜ್ ಫೋನು ಮಾಡಿದ.

"ಸಾರ್, ನಂಬರ್ ಕರೆಕ್ಟಾಗಿದೆ. ಆದ್ರೆ ಇಲ್ಲಿ ಯಾರೂ ಬಿದ್ದಿಲ್ವಂತೆ. ಕಾಫಿ ಕೊಡ್ತಿದ್ದಾರೆ."

"ಎಲ್ಲಿದ್ದೀಯಪ್ಪ?"

"ಪುಟ್ಟೇನಹಳ್ಳಿ ಕೆರೆ ಹತ್ರ."

ಅದು ನಮ್ಮಿಂದ ಮೈಲುಗಟ್ಟಲೆ ದೂರ. ನೆಲದಿಂದಲೇ ಮುನಿಯಕ್ಕ ಕೂಗಿದರು: "ಕಾಫಿ ಕುಡ್ಕೊಂಡೇ ಬರ್ಲಿ ಬಿಡು, ನಾನೇನು ಎದ್ದು ಓಡೋಗ್ತೀನಾ?"

ಹಳೆಯ ವಿಳಾಸದಲ್ಲೂ ತಪ್ಪು ಹೇಳುತ್ತಿದ್ದೆವು. ಆದರೆ ಕ್ರಾಸ್ ತಪ್ಪಿದವನು ಪಕ್ಕದ ಕ್ರಾಸಿನಲ್ಲಿ ನಿಲ್ಲುತ್ತಿದ್ದ. ಟೆರೇಸಿನಿಂದ ಕೈಬೀಸಿ ಕರೆಯಬಹುದಿತ್ತು. ನಿಮ್ಮ ಸಂಖ್ಯೆಗೆ ನೆರೆಹೊರೆಯೇ ಇಲ್ಲ. ಒಂದು ಅಂಕಿ ಜಾರಿದರೆ ಮನುಷ್ಯ ಬೊಮ್ಮನಹಳ್ಳಿಯಲ್ಲಿ ಏಳಬಹುದು.

ನಾನು ಅನುವಾದಿತ ಕಾದಂಬರಿಗಳನ್ನು ಓದುವವನು. ರಷ್ಯಾದವರ ಹೆಸರಿನೊಳಗೆ ಅಪ್ಪನ ಹೆಸರೂ ಕೂತಿರುತ್ತದೆ. ನಾಲಿಗೆ ತೊಡರುತ್ತದೆ, ನಿಜ. ಆದರೆ ಯಾರು ಯಾವ ಮನೆಯವರೆಂದು ಮುನ್ನೂರನೇ ಪುಟದಲ್ಲೂ ತಿಳಿಯುತ್ತದೆ. ಅವರಿಗೆಲ್ಲ ಹತ್ತಂಕಿ ಕೊಟ್ಟಿದ್ದರೆ ಯಾರು ಸತ್ತರೆಂದು ನಾನು ಅಳಬೇಕಿತ್ತು?

ನಿಮ್ಮ ಕರಡು ನಿಯಮಗಳ ವಾದವನ್ನೂ ಓದಿದ್ದೇನೆ. ವಿಳಾಸದಲ್ಲಿ ವಾರ್ಡ್ ಸೇರಿಸಿದರೆ ಗಡಿ ಬದಲಾದಾಗ ಹೆಸರೂ ಬದಲಾಗುತ್ತದೆ, ಯಾವ ಪ್ರದೇಶಕ್ಕೂ ಅಂಟಿಕೊಳ್ಳದ ಬರೀ ಸಂಖ್ಯೆ ಮಾತ್ರ ಶಾಶ್ವತ ಎನ್ನುತ್ತೀರಿ. ಒಪ್ಪಿದೆ. ಕದಲದ ನನ್ನ ಮನೆ ಮೂರು ವಾರ್ಡು ಸುತ್ತಿ ಬಂದಿದೆ. ಹಾಗಾಗಿ ಸಂಖ್ಯೆ ನಿಮ್ಮ ಕಡತದಲ್ಲಿ ಶಾಶ್ವತವಾಗಿ ಇರಲಿ. ಆದರೆ ಕಡತ ಎಂದಾದರೂ ಬಚ್ಚಲಲ್ಲಿ ಬಿದ್ದು ಫೋನು ಮಾಡಿದ್ದುಂಟೇ?

ಮುನಿಯಕ್ಕ ಈಗ ವಾಕರ್ ಹಿಡಿದು ಮನೆಗೆ ಮರಳಿದ್ದಾರೆ. ಅವರಿಗೆ ಓದು ಬಾರದು. ಎಪ್ಪತ್ತೊಂದು ವರ್ಷದ ನೆನಪಿನಲ್ಲಿರುವುದು "ತಿಲಕ್ ನಗರ, ಎರಡನೇ ಮೇನು, ಐದನೇ ಕ್ರಾಸು, ಹೊಂಗೆಮರದ ಮನೆ" ಎಂಬುದಷ್ಟೇ. ಮುಂದಿನ ಸಲ ನಾನು ಪಕ್ಕದಲ್ಲಿ ಇರದಿದ್ದರೆ ಅವರು ಹೇಳಬಲ್ಲದ್ದು ಅದೊಂದೇ. ಕರಡು ಅಂತಿಮವಾಗುವ ಮೊದಲು ಒಂದು ವಾಕ್ಯ ಸೇರಿಸಿ: ತುರ್ತು ಕರೆಯಲ್ಲಿ ಬಡಾವಣೆ, ಮೇನು, ಕ್ರಾಸು ಹೇಳಿದರೆ ಸಾಕು, ಸಂಖ್ಯೆಯನ್ನು ಹುಡುಕಿಕೊಳ್ಳುವ ಕೆಲಸ ಇಲಾಖೆಯದು. ಹೊಂಗೆಮರವನ್ನು ಬೇಕಾದರೆ ಬಿಟ್ಟುಕೊಡುತ್ತೇವೆ. ಮುನಿಯಕ್ಕನನ್ನು ಕೇಳಿಯೇ ಬರೆದಿದ್ದೇನೆ.

ಇಂತಿ,
ಎರಡು ಅಂಕಿ ಹಿಂದುಮುಂದಾದರೆ ಪುಟ್ಟೇನಹಳ್ಳಿಯವನಾಗಿಬಿಡುವ
ಏಕಾಂತಯ್ಯ
ತಿಲಕ್ ನಗರ (ಸದ್ಯಕ್ಕೆ)