ಬಲಗಡೆಯ ಅಂಚು

ನಾರಾಯಣಪೇಟೆ
೧೪ ನವೆಂಬರ್ ೨೦೨೪, ಗುರುವಾರ

ಕೊಟ್ರೇಶ ಅವರಿಗೆ ಶರಣು.

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ನಿಮ್ಮ ಹೆಸರನ್ನು ನಾನು ಬರೆದದ್ದು ಇದೇ ಮೊದಲು. 'ಮನೆಯವರಿಗೆ' ಎಂದು ಶುರು ಮಾಡಿದ್ದೆ, ಹೊಡೆದುಹಾಕಿದೆ. ಮನೆ ಬಿಟ್ಟು ಆರು ವರ್ಷವಾದವರನ್ನು ಹಾಗೆ ಕರೆಯುವುದು ಹೇಗೆ?

ವಿಚ್ಛೇದನದ ಒಪ್ಪಿಗೆ ಅರ್ಜಿಗೆ ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ಶೈಲಜಾ ಅವರನ್ನು ನೀವು ಮದುವೆಯಾಗಲು ನನ್ನ ಅಡ್ಡಿಯಿಲ್ಲ. ಆದರೆ ಸೋಮವಾರ ಬಂದು ನಿಮ್ಮ ತಾಯಿಯನ್ನು ಗದ್ವಾಲಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀರಲ್ಲ, ಅದು ಬೇಡ. ಅತ್ತೆ ನನ್ನ ಹತ್ತಿರವೇ ಇರಲಿ.

ವಕೀಲ ಚಂದ್ರಕಾಂತ್ ಅವರನ್ನು ಕೇಳಿದೆ. ತೀರ್ಪು ಬಂದ ಮೇಲೆ ನಿಮ್ಮ ಅತ್ತಿ ಸಂಗಮ್ಮನವರು ನಿಮಗ ಏನೂ ಆಗಂಗಿಲ್ಲರಿ, ಬೇಕಾದರ ಪರಿಚಯದವರು ಅನ್ರಿ ಎಂದರು. ಅಲ್ಲಿಂದ ಬಂದಾಗಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಅಂಗಳಕ್ಕೆ ಹೋಗುತ್ತೇನೆ, ಏಕೆ ಬಂದೆನೋ ಮರೆತು ಒಳಗೆ ಬರುತ್ತೇನೆ. ಎರಡು ಸಲ ಹಾಲು ಉಕ್ಕಿತು. ಕವಿತೆಯ ಪುಸ್ತಕ ಹಿಡಿದರೆ ಮೂರು ದಿನದಿಂದ ಅದೇ ಪುಟ.

ಇದರ ನಡುವೆ ರಾಯಚೂರಿನ ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆಯಬೇಕು. ಆಫ್ರಿಕಾ ಮತ್ತು ಚೀನಾದ ಚಿಂತನೆಯಲ್ಲಿ ಮನುಷ್ಯ ಸಂಬಂಧ ಎಂಬ ವಿಷಯವನ್ನು, ನಿಮ್ಮ ಅರ್ಜಿ ಬರುವ ಮೊದಲು, ನಾನೇ ಆರಿಸಿಕೊಂಡಿದ್ದೆ. ಹುಟ್ಟಿದ ಮಾತ್ರಕ್ಕೆ ಯಾರೂ ಪೂರ್ತಿ ಮನುಷ್ಯರಲ್ಲ, ಸುತ್ತಲಿನವರು ವರ್ಷಗಟ್ಟಲೆ ಸೇರಿ ಒಬ್ಬರನ್ನು ಮನುಷ್ಯರನ್ನಾಗಿ ಮಾಡುತ್ತಾರೆ ಎಂದು ಆಫ್ರಿಕಾದ ಕೆಲವು ಚಿಂತಕರು ಹೇಳುತ್ತಾರೆ. ಚೀನಾದ ಹಳೆಯ ಗುರುಗಳು ಹೆಸರಿಗೆ ತಕ್ಕ ನಡತೆ ಕೇಳುತ್ತಾರೆ. ಮಗ ಮಗನಂತೆ ನಡೆದರೆ ಮಾತ್ರ ಆ ಹೆಸರು ನಿಲ್ಲುತ್ತದೆ. ಅರಸ-ಪ್ರಜೆ, ತಂದೆ-ಮಗ, ಗಂಡ-ಹೆಂಡತಿ, ಅಣ್ಣ-ತಮ್ಮ, ಗೆಳೆಯರು ಎಂದು ಐದು ಸಂಬಂಧ ಎಣಿಸಿದ್ದಾರೆ. ಅತ್ತೆ-ಸೊಸೆ ಅದರಲ್ಲಿಲ್ಲ.

ಮಗ್ಗದಲ್ಲಿ ಕೂತಾಗ ಅತ್ತೆಗೆ ಇದನ್ನೆಲ್ಲ ಹೇಳಿದೆ. "ಅವರ ಮನ್ಯಾಗ ಅತ್ತಿ ಇರಲಿಲ್ಲೇನು? ಪುಣ್ಯವಂತರು ಬಿಡು" ಎಂದು ನಕ್ಕರು. ಆಫ್ರಿಕಾದ ಮಾತಿಗೆ, "ಇಷ್ಟು ತಿಳ್ಕೊಳ್ಳಾಕ ಅಷ್ಟು ದೂರ ಹೋದಿ? ಮೊದಲು ಲಾಳಿ ಒಗಿ, ಕೈ ನಿಂತೈತಿ" ಎಂದರು.

ಗದ್ವಾಲ ಸೀರೆ ಒಬ್ಬರಿಂದ ಆಗುವುದಿಲ್ಲ, ನಿಮಗೆ ಗೊತ್ತು. ನಡುವಿನ ಹತ್ತಿಗೆ ಒಂದು ಲಾಳಿ, ರೇಷ್ಮೆಯ ಎರಡು ಅಂಚಿಗೆ ಎರಡು. ಎಳೆಎಳೆಗೂ ಹತ್ತಿಯನ್ನು ರೇಷ್ಮೆಗೆ ಕೊಂಡಿ ಹಾಕಬೇಕು. ಅತ್ತೆ ಎಡಕ್ಕೆ, ನಾನು ಬಲಕ್ಕೆ. ನೀವು ಹೋದ ವರ್ಷ ತಮ್ಮ ತವರಿನ ಈ ನೇಯ್ಗೆಯನ್ನು ಅವರು ನನಗೆ ಕಲಿಸಿದರು, ನಾನು ಕಾಲೇಜಿಗೆ ಪಾಠ ಹೇಳಲು ಹೊರಡುವ ಮುನ್ನ ಬೆಳಿಗ್ಗೆ ಎರಡು ತಾಸು. ಮೊದಲ ತಿಂಗಳು ನಮ್ಮ ನಡುವೆ ಮಾತೇ ಇರಲಿಲ್ಲ. ಒಂದು ದಿನ ನನ್ನ ಕೈ ತಪ್ಪಿದಾಗ ಮಣಿಕಟ್ಟಿಗೆ ಹೊಡೆದರು: "ಗಂಡನ್ನ ಹಿಡಿಯಾಕ ಬರಲಿಲ್ಲ, ಎಳಿನಾದ್ರೂ ಹಿಡಿ!" ನಾನೂ ಬಿಡಲಿಲ್ಲ, ಅವರನ್ನ ಹಡೆದಾಕಿ ನೀವಲ್ಲೇನ್ರಿ ಎಂದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆರು ವರ್ಷ ಸೊಸೆಯಂತೆ ನಡೆದವಳು ತೀರ್ಪಿನ ಮರುದಿನ ಏನಾಗುತ್ತಾಳೆ? ಪ್ರಬಂಧ ಇಲ್ಲಿಗೇ ನಿಂತಿದೆ.

ಮಗ್ಗದ ಮೇಲಿನ ಸೀರೆ ಇನ್ನೂ ಎರಡು ಮೊಳ ಬಾಕಿಯಿದೆ. ಮಕ್ತಲ್‌ನಲ್ಲಿ ಬಸ್ಸು ಬದಲಿಸಬೇಕು, ಅತ್ತೆಯ ಮೊಣಕಾಲಿಗೆ ಅದು ಆಗದು. ಅವರಿಗೆ ಬರುವ ಮನಸ್ಸೂ ಇಲ್ಲ. ದಯವಿಟ್ಟು ಸೋಮವಾರ ಬರಬೇಡಿ.

ನಿಮಗೆ ಏನಾಗಬೇಕೆಂದು ಬರೆಯಲಾಗದ,
ಗಂಗಾಂಬಿಕಾ

ಮರೆತದ್ದು: ಮರೆತಿರಲಿಲ್ಲ. ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ನೂಲು ತರಲು ಗದ್ವಾಲಕ್ಕೆ ಹೊರಟ ಬಾಲಯ್ಯ ಈ ಪತ್ರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾರೆ. ಸೀರೆ ಕಳೆದ ಸೋಮವಾರವೇ ಮಗ್ಗದಿಂದ ಇಳಿಯಿತು. ಅತ್ತೆ ಅಂದೇ ಗಂಟು ಕಟ್ಟಿದ್ದಾರೆ. ಕಟ್ಟೆಯ ಮೇಲೆ ಕೂತು, ಬಸ್ಸಿನ ಸದ್ದು ಕೇಳಿದಾಗೆಲ್ಲ "ಇವತ್ತು ಯಾವ ವಾರ ಐತವ್ವ?" ಎನ್ನುತ್ತಾರೆ. ಕಳಿಸುವ ಮನಸ್ಸು ನನಗಿಲ್ಲ, ಅಷ್ಟೇ.

ಸೀರೆ ಶೈಲಜಾ ಅವರಿಗೆ. ನೀವು ಮತ್ತೆ ಮದುವೆಯಾಗುವ ಸುದ್ದಿ ಅರ್ಜಿಗಿಂತ ಮೊದಲೇ ಬಂದಿತ್ತು; ಮಗ್ಗಕ್ಕೆ ಹಾಸು ಹೂಡಿದ ದಿನವೇ ಅತ್ತೆ ಹೇಳಿದ್ದರು: "ಹೊಸ ಸೊಸಿ ಮುಂದ ಖಾಲಿ ಕೈಲೆ ಹೆಂಗ ನಿಂದ್ರಲಿ? ನಿನಗ ಕೇಳಾಕ ನನಗ ಬಾಯಿಲ್ಲ. ಕೂಡ್ತಿಯೇನು?" ಕೂತೆ. ಸೆರಗಿನ ಹತ್ತಿರ ಬಲ ಅಂಚಿನ ಕೊಂಡಿ ಒಂದು ಕಡೆ ಸಡಿಲಾಗಿದೆ, ಅರ್ಜಿ ಬಂದ ದಿನ ನೇಯ್ದದ್ದು. ಹರಿದದ್ದಲ್ಲ ಎಂದು ಶೈಲಜಾ ಅವರಿಗೆ ಹೇಳಿ.

ಸೋಮವಾರ ಬನ್ನಿ. ಅತ್ತೆಗೆ ಚಹಾದಲ್ಲಿ ಸಕ್ಕರೆ ಕೊಡಬೇಡಿ, ಬೈದರೂ ಕೊಡಬೇಡಿ. ಬಲಗಡೆಯ ಅಂಚು ಯಾರು ನೇಯ್ದದ್ದು ಎಂದು ಶೈಲಜಾ ಕೇಳಿದರೆ ನೀವು ಬಾಯಿ ಹಾಕಬೇಡಿ, ಅತ್ತೆಯೇ ಹೇಳಲಿ. ಅವರು ನನ್ನನ್ನು ಏನೆಂದು ಹೇಳಿದರು ಎಂಬುದನ್ನು ಮಾತ್ರ ನನಗೆ ಬರೆದು ತಿಳಿಸಿ.