ಬೆಣ್ಣೆಯಲ್ಲ, ಬೆಣೆ

ಅನಿಲನ ಅಪ್ಪನವರೇ,

ಠಾಕುರ್ಲಿಗೆ ಮಗಳ ಮನೆಗೆ ಹೊರಟಿದ್ದೇನೆ. ಸಂಜೆ ಐದರ ಸ್ಲೋ ಲೋಕಲ್ ರೈಲಿಗೆ ಬರುತ್ತೇನೆ. ಡಬ್ಬಿಯಲ್ಲಿ ರೊಟ್ಟಿ ಇದೆ, ಪಲ್ಯ ಬಿಸಿ ಮಾಡಿಕೊಳ್ಳಿ. ಔಷಧಿ ತೆಗೆದುಕೊಂಡ ಮೇಲೆಯೇ ಸ್ಟೂಲಿನ ಕೆಲಸ.

ನಿನ್ನೆಯ ಚೀಟಿಯಲ್ಲಿ, ಸ್ಟೂಲಿನ ಕಾಲು ಬಿಗಿಯಾಗಲು ಬೆಣೆ ತೆಗೆದಿಡಿ ಎಂದು ಬರೆಯಲು ಹೋಗಿ ಬೆಣ್ಣೆ ಎಂದು ಬರೆದೆ, ತಪ್ಪು ನನ್ನದೇ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಒತ್ತು ಬೇಡವಾದಲ್ಲೇ ಬಂದು ಕೂರುತ್ತದೆ. ಆದರೆ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು ಫ್ರಿಜ್‌ನಿಂದ ಬೆಣ್ಣೆ ತೆಗೆದು ಸ್ಟೂಲಿನ ಪಕ್ಕ ಇಟ್ಟು, ಅದು ಕರಗುವುದನ್ನು ನೋಡುತ್ತ ಕೂರುವುದೇ? "ನೀ ಬರದದ್ದ ಮಾಡೀನಿ, ಮತ್ತೇನ್ ಮಾಡ್ಲಿ?" ಅಂದಿರಿ. ಲಕ್ವಾ ಹೊಡೆದ ಮೇಲೆ ನೀವು ನಕ್ಕಿದ್ದು ಅದೇ ಮೊದಲು, ಅದಕ್ಕೇ ಬೈಯಲಿಲ್ಲ.

ಮೂರು ಕಾಲು ಗುಳಿಯಲ್ಲಿ ಭದ್ರವಾಗಿ ಕೂತಿವೆ. ನಾಲ್ಕನೆಯದಕ್ಕೆ ಬೆಣೆ ಹೊಡೆಯುವಾಗ ಕೈ ನಡುಗಿ ಕಟ್ಟಿಗೆ ಸೀಳೀತೆಂದು ನಿಮಗೆ ಹೆದರಿಕೆ, ನನಗೆ ಗೊತ್ತಿದೆ. ಸೀಳಿದರೆ ಇನ್ನೊಂದು ಕಾಲು ಕೆತ್ತಿದರಾಯಿತು, ಸಾಗುವಾನಿ ತುಂಡು ಮಂಚದ ಕೆಳಗಿದೆ. "ಅಪ್ಪಾ, ಒಂದ್ ಮೊಳಿ ಹೊಡಿ, ಝಾಲಾ, ಮುಗೀತು!" ಎನ್ನುವ ಮಗನ ಮಾತು ಕೇಳಬೇಡಿ. ಮೊಳೆಯ ಡಬ್ಬಿ ನನ್ನ ಚೀಲದಲ್ಲೇ ಹಾಕಿಕೊಂಡಿದ್ದೇನೆ, ಹುಡುಕಬೇಡಿ.

ನೆಲಕ್ಕೆ ಕೂರಲು ನನ್ನ ಮೊಣಕಾಲು ಬಿಡುವುದಿಲ್ಲ. ಸಂಜೆ ಬಂದು ಆ ಸ್ಟೂಲಿನ ಮೇಲೆ ಕೂತೇ ಚಹಾ ಕುಡಿಯುತ್ತೇನೆ.

ಈ ಸಲ ಮೂರು ಬಾರಿ ಓದಿ ನೋಡಿದ್ದೇನೆ: ಬೆಣೆ. ಒತ್ತು ನಾನು ಕೊಟ್ಟಿಲ್ಲ, ನೀವು ಕೊಡಿ.

ದ್ರೌಪದಿ